ಬರ್ಬನ್ ಬ್ಯಾರಲ್‌ನ ಬಾರ್ಲಿ ವೈನ್: ಈಗಲೇ ತೆಗೆಯೋದಾ, ಇನ್ನೂ ಇಡೋದಾ?

ಮಂದಗತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದೇ ಬ್ಯಾಚಿನ ನಾಲ್ಕು ಬಾಟಲಿ ಬಾರ್ಲಿ ವೈನ್ (ಹೆಸರಷ್ಟೇ ವೈನ್, ನಿಜಕ್ಕೆ ಗಟ್ಟಿ ಬಿಯರ್) ಉಳಿದಿವೆ. ಲೇಬಲ್ ಮೇಲೆ 12.8% ಆಲ್ಕೋಹಾಲ್, ಬರ್ಬನ್ (ಅಮೆರಿಕದ ವಿಸ್ಕಿ) ಇಟ್ಟಿದ್ದ ಬ್ಯಾರಲ್‌ನಲ್ಲಿ ಒಂದು ವರ್ಷ ಇಟ್ಟದ್ದು ಅಂತಿದೆ. ಐದನೆಯದನ್ನು ಮೊನ್ನೆ ತೆಗೆದೆ. ಫ್ರಿಡ್ಜಿಂದ ನೇರ ಗ್ಲಾಸಿಗೆ ಸುರಿದಾಗ ಬರೀ ವೆನಿಲಾ, ಅದರ ಬೆನ್ನಿಗೇ ಗಂಟಲು ಸುಡೋ ಘಾಟು. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ ಎಲ್ಲಿದೆ ಅಂತ ಹುಡುಕಬೇಕಾಯ್ತು. ಅರ್ಧ ಗ್ಲಾಸ್ ಮೇಜಿನ ಮೇಲೇ ಬಿಟ್ಟು ಊಟಕ್ಕೆದ್ದೆ. ಬಂದು ಕುಡಿದರೆ ಇನ್ಯಾವುದೋ ಬಿಯರ್ ಅನ್ನೋ ಹಾಗೆ ಖರ್ಜೂರ, ಸುಟ್ಟ ಸಕ್ಕರೆ, ಎಲ್ಲ ಮೇಲೆ ಬಂದಿತ್ತು.

ನನ್ನ ಪ್ರಶ್ನೆ ಇಷ್ಟು. ಬ್ಯಾರಲ್‌ನಲ್ಲಿ ಆಗಲೇ ಒಂದು ವರ್ಷ ಕಳೆದು ಬಂದ ಬಿಯರನ್ನು ಮತ್ತೆ ಬಾಟಲಿಯಲ್ಲಿ ವರ್ಷಗಟ್ಟಲೆ ಇಡೋದರಲ್ಲಿ ಅರ್ಥ ಇದೆಯಾ? ಇಡೋದಾದರೆ ನಿಲ್ಲಿಸಬೇಕಾ, ಮಲಗಿಸಬೇಕಾ? ಎರಡು ಬಾಟಲಿಗೆ ಮುಚ್ಚಳದ ಮೇಲೆ ಮೇಣ ಬಳಿದಿದ್ದಾರೆ, ಎರಡಕ್ಕೆ ಇಲ್ಲ. ಮೇಣದವು ಜಾಸ್ತಿ ಬಾಳುತ್ತವಾ? ಜೊತೆಗೆ ಬ್ಯಾರಲ್ ಕಾಣದ ಇಂಗ್ಲಿಷ್ ಬಾರ್ಲಿ ವೈನೂ ಒಂದೆರಡಿವೆ. ಅವಕ್ಕೂ ಇದೇ ನಿಯಮವಾ?

ನೊರೆಹಿಡುಕ:

ಕುಡಿದುಬಿಡಿ. ಕುಡಿಯೋಕೆ ತಯಾರಾಗಿದೆ ಅನ್ನಿಸಿದ ಮೇಲೇ ತಾನೆ ಅವರು ಬಾಟಲಿಗೆ ತುಂಬಿದ್ದು? ಈ ಇಡೋ ಚಟ ಹಿಡಿದವರ ಕಪಾಟು ನೋಡಿದೀನಿ. ಬಾಟಲಿ ತುಂಬ ಧೂಳು, ತೆಗೆಯೋಕೆ ಮುಹೂರ್ತವೇ ಕೂಡಿ ಬರಲ್ಲ.

ಓಕ್‌ಸಿಬಿರು:

ನೊರೆಹಿಡುಕ ಅವರ ಮಾತು ನಾಲ್ಕರಲ್ಲಿ ಒಂದು ಬಾಟಲಿಗಂತೂ ಸರಿ. ಆದರೆ ಮರ ಮಾಡೋ ಕೆಲಸ ಬೇರೆ, ಬಾಟಲಿ ಮಾಡೋ ಕೆಲಸ ಬೇರೆ. ಎರಡಕ್ಕೂ ‘ಹಳತಾಗೋದು’ ಅಂತ ಒಂದೇ ಹೆಸರಿಡೋದರಿಂದಲೇ ಗೊಂದಲ ಶುರುವಾಗೋದು.

ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಅನ್ನು ಒಳಗೆ ಸುಟ್ಟ ಹೊಸ ಓಕ್ ಬ್ಯಾರಲ್‌ನಲ್ಲೇ ಇಡಬೇಕು. ಒಮ್ಮೆ ಬಳಸಿದ್ದರಲ್ಲಿ ಮತ್ತೆ ಬರ್ಬನ್ ಮಾಡೋ ಹಾಗಿಲ್ಲ. ಹಾಗಾಗಿ ಸುಮಾರು 200 ಲೀಟರಿನ ಆ ಬ್ಯಾರಲ್‌ಗಳು ಬಿಯರ್ ಮಾಡೋರ ಕೈಗೆ ಬರುತ್ತವೆ. ಖಾಲಿ ಅಂತ ಹೆಸರು, ಆದರೆ ಹಲಗೆಗಳ ಒಳಗೆ ಲೀಟರ್‌ಗಟ್ಟಲೆ ವಿಸ್ಕಿ ಇಂಗಿರುತ್ತೆ. ಬಿಯರ್ ತುಂಬಿದಾಗ ಅದು ನಿಧಾನಕ್ಕೆ ಹೊರಗೆ ಬರುತ್ತೆ. ನಿಮ್ಮ ಗಂಟಲು ಸುಟ್ಟದ್ದರಲ್ಲಿ ಅದರ ಪಾಲು ದೊಡ್ಡದು. ವೆನಿಲಾ ಘಮ ಕೊಡೋ ವೆನಿಲಿನ್ ಓಕ್‌ನಿಂದ ಬರುತ್ತೆ, ಕೊಬ್ಬರಿ ಘಮ ಓಕ್‌ನ ಲ್ಯಾಕ್ಟೋನ್‌ಗಳಿಂದ, ಲವಂಗದ ಎಳೆ ಯುಜಿನಾಲ್‌ನಿಂದ. ಜೊತೆಗೆ ಹಲಗೆಗಳ ಮೂಲಕ ಆಮ್ಲಜನಕವೂ ಇಷ್ಟಿಷ್ಟೇ ಒಳಗೆ ಸೇರುತ್ತಿರುತ್ತೆ.

ಬಾಟಲಿಗೆ ಬಂದ ಮೇಲೆ ಮರದಿಂದ ಹೊಸದೇನೂ ಬರೋದಿಲ್ಲ. ಅಲ್ಲಿಂದಾಚೆ ಮರದ ರುಚಿ ಇಳಿಮುಖವೇ. ನನ್ನ ನಾಲಿಗೆಗೆ ಮೊದಲು ಹಿಂದೆ ಸರಿಯೋದು ಹಸಿ ವಿಸ್ಕಿಯ ಘಾಟು, ಆಮೇಲೆ ಕೊಬ್ಬರಿ. ವೆನಿಲಾ ಸ್ವಲ್ಪ ಹಟಮಾರಿ. ಅವು ತಗ್ಗುತ್ತ ಹೋದ ಹಾಗೆ ಮಾಲ್ಟಿನ ಟಾಫಿ, ಒಣದ್ರಾಕ್ಷಿ, ಅಂಜೂರ ಮೇಲೇಳುತ್ತವೆ. ಇನ್ನೂ ಮುಂದಕ್ಕೆ ಹೋದರೆ ಶೆರ್ರಿ (ಸ್ಪೇನಿನ ಗಟ್ಟಿ ವೈನ್) ಥರದ ವಾಸನೆ. ಹಾಗಾಗಿ ‘ಇಡಲಾ ಬೇಡವಾ’ ಅನ್ನೋದಕ್ಕಿಂತ ಬ್ಯಾರಲ್ ಬೇಕಾ, ಮಾಲ್ಟ್ ಬೇಕಾ ಅಂತ ಕೇಳ್ಕೊಳ್ಳಿ. ಬ್ಯಾರಲ್ಲಿಗೋಸ್ಕರ ಕೊಂಡಿದ್ದರೆ ಮೊದಲ ವರ್ಷದೊಳಗೇ ಕುಡೀಬೇಕು.

ಇಡೋ ಮುಂಚೆ ನಾನು ನೋಡೋದು ಕಹಿಯನ್ನ. ಹಾಪ್ಸ್ ಅನ್ನೋ, ಬಿಯರಿಗೆ ಹಾಕೋ ಹೂವಿನ ಕಹಿ ವರ್ಷ ಕಳೆದ ಹಾಗೆ ಇಳಿಯುತ್ತೆ, ಸಿಹಿ ಇದ್ದಲ್ಲೇ ಇರುತ್ತೆ. ಅಮೆರಿಕದ ಸಿಯೆರಾ ನೆವಾಡಾ ಕಂಪನಿಯ ಬಿಗ್‌ಫುಟ್ ಬಾರ್ಲಿ ವೈನ್ ಇದೆಯಲ್ಲ, 1983ರಿಂದ ಬರ್ತಿರೋದು, 9.6%, ಅದು ಹೊಸದರಲ್ಲಿ ನಾಲಿಗೆ ಕೆರೆಯೋ ಅಷ್ಟು ಕಹಿ. ಅಂಥದಕ್ಕೆ ಕೆಲವು ವರ್ಷ ಕೊಟ್ಟರೆ ಲಾಭವೇ. ಬರ್ಬನ್ ಬ್ಯಾರಲ್ಲಿಗೆ ಹೋಗೋ ಬಾರ್ಲಿ ವೈನ್‌ಗಳು ಬಹುಪಾಲು ಇಂಗ್ಲಿಷ್ ದಾರಿಯವು: ಮಾಲ್ಟ್ ಜಾಸ್ತಿ, ಹಾಪ್ಸ್ ಕಮ್ಮಿ. ನಿಮ್ಮದು ಈಗಲೇ ಅಂಟಂಟು ಸಿಹಿ, ಕಹಿ ನೆಪಕ್ಕೆ ಮಾತ್ರ ಅನ್ನಿಸಿದರೆ ಮೂರು ವರ್ಷದ ಮೇಲೆ ಅದು ಬರೀ ಪಾಕ. ಇಡಬೇಡಿ. ಸಿಹಿಯ ಹಿಂದೆ ಕಹಿಯೋ, ಒಸಡಿಗೆ ತಾಗೋ ಮರದ ಒಗರೋ ಬಂದು ಬಾಯಿ ಒಣಗಿಸಿದರೆ ಆ ಬಾಟಲಿಗೆ ಬೆನ್ನೆಲುಬಿದೆ, ಇಡಿ.

ಘಾಟಿನಲ್ಲೂ ಎರಡು ಥರ ಇದೆ. ಎದೆಗೆ ಇಳಿದು ಬೆಚ್ಚಗಾಗಿಸೋ ವಿಸ್ಕಿಯ ಬಿಸಿ ಒಂದೆರಡು ವರ್ಷದಲ್ಲಿ ಬಿಯರಿನೊಳಗೆ ಬೆರೆತುಹೋಗುತ್ತೆ. ಬಣ್ಣದಂಗಡಿ ಥಿನ್ನರ್ ಥರ ಮೂಗಿಗೆ ಹೊಡೆಯೋದು, ಹುದುಗುವಾಗ ಶಾಖ ಏರಿ ಹುಟ್ಟಿದ್ದು, ಎಷ್ಟು ಕಾದರೂ ಹೋಗಿದ್ದನ್ನ ನಾನು ಕಂಡಿಲ್ಲ. ಎರಡನೆಯ ಥರದ್ದನ್ನ ‘ಸ್ವಲ್ಪ ಇಟ್ಟರೆ ಸರಿಹೋಗುತ್ತೆ’ ಅಂತ ಮಾರೋರನ್ನ ನಂಬಬೇಡಿ.

ಜಾಗದ ವಿಷಯ: 10ರಿಂದ 13 ಡಿಗ್ರಿ, ಕತ್ತಲು, ಅಲುಗಾಟ ಇಲ್ಲದ ಕಡೆ. ಅಂಕಿಗಿಂತ ಮುಖ್ಯ ಅದು ದಿನವಿಡೀ ಏರಿಳಿಯದೆ ಇರೋದು. ಶಾಖ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತೆ. ಬೇಗ ಮಾಗುತ್ತಲ್ಲ, ಒಳ್ಳೆಯದೇ ಅಂದ್ಕೋಬೇಡಿ. ಎಲ್ಲ ಕ್ರಿಯೆಗಳೂ ಒಂದೇ ಲೆಕ್ಕದಲ್ಲಿ ಏರಲ್ಲ, ಬೆಚ್ಚಗಿನ ಕಪಾಟಿನಲ್ಲಿ ಶೆರ್ರಿ ಬರೋ ಮುಂಚೆ ಒದ್ದೆ ರಟ್ಟಿನ ವಾಸನೆ ಬಂದು ಕೂತಿರುತ್ತೆ. ತಂಪು ಜಾಗ ಇಲ್ಲದಿದ್ದರೆ ಫ್ರಿಡ್ಜೇ ಗತಿ. 4 ಡಿಗ್ರಿಯಲ್ಲಿ ಮಾಗೋದು ತೀರ ನಿಧಾನ, ಆದರೆ ಕೆಡೋದೂ ನಿಧಾನ. ಫ್ರಿಡ್ಜಿನ ತಲೆ ಮೇಲೆ ಮಾತ್ರ ಇಡಬೇಡಿ, ಮೋಟರಿನ ಬಿಸಿ ಹಿಂದಿನಿಂದ ಏರ್ತಾ ಇರುತ್ತೆ.

ಬಾಟಲಿ ನಿಂತೇ ಇರಲಿ. ಮಡ್ಡಿ ತಳಕ್ಕೆ ಕೂರುತ್ತೆ, ಒಳಗಿನ ಗಾಳಿಗೆ ತಾಗೋ ಬಿಯರೂ ಕಮ್ಮಿ. ಮೇಣದ ಬಗ್ಗೆ ನನಗೆ ಗೌರವ ಇಲ್ಲ. ಮುಚ್ಚಳದ ಅಂಚಿನಿಂದ ಗಾಳಿ ನುಸುಳೋದನ್ನ ಅಷ್ಟೋ ಇಷ್ಟೋ ತಡೆಯಬಹುದು, ತುಂಬುವಾಗಲೇ ಒಳಗೆ ಸಿಕ್ಕಿಬಿದ್ದ ಆಮ್ಲಜನಕಕ್ಕೆ ಮೇಣ ಏನು ಮಾಡುತ್ತೆ? ನೋಡೋಕೆ ಚಂದ, ತೆಗೆಯೋದು ಶಿಕ್ಷೆ. ಕೆರೆಯೋಕೆ ಹೋಗಬೇಡಿ. ಓಪನರನ್ನ ಮೇಣದ ಸಮೇತ ಮುಚ್ಚಳದ ಅಂಚಿಗೆ ಒತ್ತಿ ಎತ್ತಿ, ಬಾಟಲಿ ಬಾಯನ್ನ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಸುರೀರಿ. ಇಲ್ಲಾಂದ್ರೆ ಕೆಂಪು ಚೂರುಗಳು ನೊರೆ ಮೇಲೆ ತೇಲ್ತಾವೆ.

ಈಗ ಕುಡಿಯೋದು. ಸುರಿಯೋ ಮುಕ್ಕಾಲು ಗಂಟೆ ಮುಂಚೆ ಫ್ರಿಡ್ಜಿಂದ ಹೊರಗಿಡಿ. 10 ಡಿಗ್ರಿಯಲ್ಲಿ ಶುರು ಮಾಡಿದರೆ 13–15ಕ್ಕೆ ಬರೋವಾಗ ಅದರ ಒಳ್ಳೇ ಹೊತ್ತು. ನಿಮ್ಮ ಅರ್ಧ ಗ್ಲಾಸ್ ಮೇಜಿನ ಮೇಲೆ ಮಾಡಿದ್ದು ಅದನ್ನೇ. ಚಳಿಯಲ್ಲಿ ಮಾಲ್ಟಿನ ಘಮ ಮೇಲೇಳೋದೇ ಇಲ್ಲ. ಬಾಯಿ ಕಿರಿದಾಗಿರೋ ಹೊಟ್ಟೆಗ್ಲಾಸಿಗೆ 100–120 ಮಿಲೀ ಸಾಕು. ಮೂಗನ್ನ ಗ್ಲಾಸೊಳಗೆ ತೂರಿಸಿದರೆ ಆಲ್ಕೋಹಾಲ್ ಮೂಗನ್ನೇ ಮರಗಟ್ಟಿಸುತ್ತೆ. ಗ್ಲಾಸನ್ನ ಗದ್ದದ ಮಟ್ಟಕ್ಕೆ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೀರಿ. ಮೊದಲ ಗುಟುಕನ್ನ ಲೆಕ್ಕಕ್ಕೆ ಹಿಡೀಬೇಡಿ, ಅದು ನಾಲಿಗೆಯನ್ನ ಎಬ್ಬಿಸೋಕೆ. ಎರಡನೆಯದನ್ನ ಬಾಯಲ್ಲಿ ಹೊರಳಿಸಿ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಬ್ಯಾರಲ್ ಸುಟ್ಟಿದ್ದರ ಹೊಗೆ ಎಳೆ ನನಗೆ ಸಿಗೋದು ಆ ಉಸಿರಲ್ಲೇ, ಗ್ಲಾಸನ್ನ ಮೂಸುವಾಗ ಅಲ್ಲ.

ನನ್ನ ಸಲಹೆ: ಒಂದನ್ನ ಈ ತಿಂಗಳೇ ಹೀಗೆ ಸರಿಯಾದ ಶಾಖದಲ್ಲಿ ಕುಡಿದು ನಾಲ್ಕು ಸಾಲು ಬರೆದಿಡಿ. ಹೊಸದರ ರುಚಿ ಗೊತ್ತಿಲ್ಲದೆ ಹಳೇದು ಮಾಗಿದೆಯೋ ಸೊರಗಿದೆಯೋ ಹೇಗೆ ಹೇಳ್ತೀರಿ? ಮುಂದಿನ ವರ್ಷ ಇನ್ನೊಂದು. ಅದು ಮೊದಲಿನದಕ್ಕಿಂತ ಚೆನ್ನಾಗಿದ್ದರೆ ಉಳಿದವನ್ನ ಮೂರನೇ ವರ್ಷಕ್ಕೆ ಬಿಡಿ, ಇಲ್ಲದಿದ್ದರೆ ಬೇಗ ಮುಗಿಸಿ.

ಹಳೇಮಾಲು:

ಮೂರು ವರ್ಷಕ್ಕೇ ಗೆರೆ ಎಳೀತೀರಲ್ಲ ಸ್ವಾಮಿ! ಥಾಮಸ್ ಹಾರ್ಡಿಸ್ ಏಲ್ (ಏಲ್ ಅಂದ್ರೆ ಬಿಯರಿನ ಒಂದು ಬಗೆ) ಅನ್ನು 1968ರಲ್ಲಿ ಇಂಗ್ಲೆಂಡಿನ ಡಾರ್ಚೆಸ್ಟರ್‌ನ ಎಲ್ಡ್ರಿಜ್ ಪೋಪ್‌ನವರು ಮಾಡಿದ್ದೇ ಕಾಲು ಶತಮಾನ ಇಡಬಹುದು ಅನ್ನೋ ಲೆಕ್ಕದಲ್ಲಿ. ಇಂಗ್ಲೆಂಡಿನದೇ ಜೆ. ಡಬ್ಲ್ಯೂ. ಲೀಸ್‌ನವರ ಹಾರ್ವೆಸ್ಟ್ ಏಲ್ 1986ರಲ್ಲಿ ಶುರುವಾಗಿ ವರ್ಷಕ್ಕೊಮ್ಮೆ ಬಂದದ್ದು, 11.5%. ಹಳೇ ವರ್ಷದ್ದನ್ನ ತೆಗೆದರೆ ಹೊಸದರ ಅಣ್ಣ ಅಲ್ಲ, ಅಜ್ಜನೇ ಎದುರು ಬಂದು ಕೂತ ಹಾಗೆ. 2006ರಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ನೆಲಮಾಳಿಗೆಯಲ್ಲಿ 1869ರ ರ್ಯಾಟ್‌ಕ್ಲಿಫ್ ಏಲ್ ಬಾಟಲಿಗಳು ಸಿಕ್ಕಿದ್ದು ಗೊತ್ತಲ್ಲ?

ಓಕ್‌ಸಿಬಿರು:

ಗೊತ್ತು, ಒಪ್ತೀನಿ. ಆದರೆ ನೀವು ಹೇಳಿದ ಯಾವುದೂ ಬರ್ಬನ್ ಬ್ಯಾರಲ್ಲಿನದಲ್ಲ. ಥಾಮಸ್ ಹಾರ್ಡಿಸ್ ಬಾಟಲಿಯೊಳಗೆ ಜೀವಂತ ಈಸ್ಟ್ ಇತ್ತು, ಅದು ಬಾಟಲಿಗೆ ಸೇರಿಕೊಂಡ ಆಮ್ಲಜನಕದಲ್ಲಿ ಒಂದಷ್ಟನ್ನ ತಾನೇ ನುಂಗುತ್ತೆ. ವರ್ಷಾನುಗಟ್ಟಲೆ ತಣ್ಣಗಿರೋ ನೆಲಮಾಳಿಗೆ ಬೇರೆ. ಮತ್ತೆ ನಮಗೆ ಕಥೆ ಸಿಗೋದು ಉಳಿದ ಬಾಟಲಿಗಳದ್ದು ಮಾತ್ರ. ಹಳಸಿ ಮೋರಿಗೆ ಹೋದವುಗಳ ಚರಿತ್ರೆ ಯಾರು ಬರೀತಾರೆ?

ಹಾರ್ವೆಸ್ಟ್ ಏಲ್ ಹೆಸರು ತೆಗೆದದ್ದು ಒಳ್ಳೆಯದಾಯ್ತು. ಅದೇ ಬಿಯರನ್ನ ಲೀಸ್‌ನವರು ಲಗವೂಲಿನ್ (ಹೊಗೆ ವಾಸನೆಯ ಸ್ಕಾಚ್ ವಿಸ್ಕಿ), ಶೆರ್ರಿ, ಪೋರ್ಟ್ (ಪೋರ್ಚುಗಲ್‌ನ ಸಿಹಿ ವೈನ್), ಕ್ಯಾಲ್ವಡೋಸ್ (ಫ್ರಾನ್ಸಿನ ಸೇಬಿನ ಬ್ರಾಂದಿ) ಪೀಪಾಯಿಗಳಲ್ಲಿ ಇಟ್ಟೂ ಮಾರಾಟಕ್ಕೆ ಬಿಟ್ಟಿದ್ದಾರೆ. ಒಂದೇ ವರ್ಷದ ಸಾದಾದ್ದನ್ನೂ ಪೀಪಾಯಿಯದ್ದನ್ನೂ ಅಕ್ಕಪಕ್ಕ ಇಟ್ಟು ಕುಡಿದವರಿಗೆ ಈ ಚರ್ಚೆಯೇ ಬೇಕಿಲ್ಲ. ನನ್ನ ಮಟ್ಟಿಗೆ ಹಳೆಯದರಲ್ಲಿ ಗೆದ್ದದ್ದು ಸಾದಾದೇ. ಲಗವೂಲಿನ್ ಹೊಗೆ ಕೊನೇವರೆಗೂ ಮಾಲ್ಟಿಗೆ ಜಾಗ ಬಿಡಲ್ಲ, ಶೆರ್ರಿ ಪೀಪಾಯಿಯದು ಮಾತ್ರ ವಯಸ್ಸಿನ ಜೊತೆ ಹೊಂದಿಕೊಂಡು ಹೋಗುತ್ತೆ.

ಮಂದಗತಿಯವರೇ, ನಿಮ್ಮ ಬ್ಯಾರಲ್ ಕಾಣದ ಇಂಗ್ಲಿಷ್ ಬಾಟಲಿಗಳನ್ನ ಹಳೇಮಾಲು ಅವರ ಲೆಕ್ಕಕ್ಕೆ ಬಿಡಿ. ತಳದಲ್ಲಿ ಈಸ್ಟ್ ಮಡ್ಡಿ ಕಾಣಿಸಿದರೆ ಇನ್ನೂ ಧೈರ್ಯವಾಗಿ.

ಮಂದಗತಿ:

ಒಂದನ್ನ ತೆಗೆದೇಬಿಟ್ಟೆ ಸರ್, ನೀವು ಹೇಳಿದ ಹಾಗೇ, ಮುಕ್ಕಾಲು ಗಂಟೆ ಹೊರಗಿಟ್ಟು. ಮೊದಲ ವಾಸನೆಗೆ ಕೊಬ್ಬರಿ, ವೆನಿಲಾ. ಎರಡನೇ ಗುಟುಕಿಗೆ ಟಾಫಿ, ಕಿತ್ತಳೆ ಸಿಪ್ಪೆ. ನುಂಗಿದ ಮೇಲೆ ಮೇಲಿನ ಒಸಡು ಚಹಾ ಕುಡಿದ ಹಾಗೆ ಒಣಗಿತು. ಘಾಟು ಇದೆ, ಆದರೆ ಎದೆಯಲ್ಲಿ, ಗಂಟಲಲ್ಲಿ ಅಲ್ಲ. ಹಾಗಾದ್ರೆ ಬೆನ್ನೆಲುಬು ಇದೆ ಅಂತ ಲೆಕ್ಕ ಅಲ್ವಾ?

ಇನ್ನೊಂದು ಅನುಮಾನ. ಗೆಳೆಯನೊಬ್ಬ ಕೊಟ್ಟ ಹಳೇ ಬಾಟಲಿ ಒಂದನ್ನೂ ತೆಗೆದಿದ್ದೆ. ಬೇರೆ ಕಂಪನಿಯದು. ಸೋಯಾ ಸಾಸ್ ಥರ ವಾಸನೆ, ಜೊತೆಗೆ ಸ್ವಲ್ಪ ಹುಳಿ. ಇದು ಮಾಗಿದ್ದಾ, ಕೆಟ್ಟಿದ್ದಾ?

ಓಕ್‌ಸಿಬಿರು:

ಬೆನ್ನೆಲುಬು ಚೆನ್ನಾಗೇ ಇದೆ. ಉಳಿದ ಮೂರನ್ನ ನಿಶ್ಚಿಂತೆಯಿಂದ ಇಡಿ.

ಸೋಯಾ ಸಾಸ್ ವಾಸನೆಗೂ ಹುಳಿಗೂ ಕಾರಣ ಬೇರೆ ಬೇರೆ. ಸತ್ತ ಈಸ್ಟ್ ಜೀವಕೋಶಗಳು ಒಡೆದು ಒಳಗಿದ್ದದ್ದು ಬಿಯರಿಗೆ ಸೇರಿದಾಗ ಸೋಯಾ, ಮಾಂಸದ ಸಾರು ಥರದ ರುಚಿ ಬರುತ್ತೆ. ಚಿಟಿಕೆಯಷ್ಟಿದ್ದರೆ ಕೆಲವರಿಗೆ ಇಷ್ಟ, ನನಗೂ. ಅದೇ ಮುಂದೆ ನಿಂತರೆ ಬಾಟಲಿಯ ಕಾಲ ಮೀರಿದೆ ಅಂತ. ಹಳೇ ಬಾಟಲಿಯನ್ನ ಅಲುಗಿಸದೆ ಒಂದೇ ಓಟದಲ್ಲಿ ಸುರಿದು, ಕೊನೆಯ ಬೆರಳಗಲವನ್ನ ಬಾಟಲಿಯಲ್ಲೇ ಬಿಟ್ಟರೆ ಮಡ್ಡಿಯಾದರೂ ಗ್ಲಾಸಿಗೆ ಬರಲ್ಲ.

ಹುಳಿ ಮಾತ್ರ ಬ್ಯಾರಲ್ಲಿನ ಹಳೇ ಶತ್ರು. ಮರದ ರಂಧ್ರಗಳನ್ನ ಪೂರ್ತಿ ಶುದ್ಧ ಮಾಡೋದು ಕಷ್ಟ. ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ, ಬ್ರೆಟನೊಮೈಸಿಸ್ ಅನ್ನೋ ಕಾಡು ಈಸ್ಟ್ ಅಲ್ಲಿ ಅಡಗಿದ್ದು ಬಾಟಲಿಗೆ ಬಂದು ಸಿಹಿಯನ್ನ ತಿನ್ನೋಕೆ ಶುರು ಮಾಡುತ್ತವೆ. ಬಿಯರ್ ತೆಳುವಾಗಿ, ಹುಳಿ ಏರಿ, ಮುಚ್ಚಳ ತೆಗೆದ ಕೂಡಲೇ ನೊರೆ ಉಕ್ಕಿದರೆ ಅದು ಮಾಗಿದ್ದಲ್ಲ, ಹುಳಿತಿದ್ದು. ಕುಡಿದರೆ ಸಾಮಾನ್ಯವಾಗಿ ಅಪಾಯ ಏನಿಲ್ಲ, ಆದರೆ ಆ ಬ್ಯಾಚಿನ ಇನ್ನೊಂದು ಬಾಟಲಿ ಗೆಳೆಯರ ಹತ್ತಿರ ಇದ್ದರೆ ತಕ್ಷಣ ಫ್ರಿಡ್ಜಿಗೆ ಹಾಕಿ ಬೇಗ ಮುಗಿಸೋಕೆ ಹೇಳಿ. ಒಳಗೆ ಒತ್ತಡ ಏರ್ತಾ ಹೋದರೆ ಬಾಟಲಿ ಸಿಡಿಯಲೂಬಹುದು.

ನೊರೆಹಿಡುಕ:

ನಾನು ಹೇಳಿದ ಹಾಗೇ ಒಂದನ್ನ ಕುಡಿದ್ರಲ್ಲ, ಸಂತೋಷ. ಒಂದು ಕೇಳ್ತೀನಿ: ಬೇರೆ ಬೇರೆ ವರ್ಷದವನ್ನ ಒಟ್ಟಿಗೆ ತೆಗೆದರೆ ಯಾವುದು ಮೊದಲು?

ಓಕ್‌ಸಿಬಿರು:

ತುಂಬ ಜನ ಹೊಸದರಿಂದ ಹಳೆಯದಕ್ಕೆ ಹೋಗ್ತಾರೆ. ಬರ್ಬನ್ ಬ್ಯಾರಲ್ ವಿಷಯದಲ್ಲಿ ನಾನು ಉಲ್ಟಾ. ಹಳೆಯವು ಮೆಲುದನಿಯವು, ಹೊಸದರ ವಿಸ್ಕಿ ಮೊದಲೇ ನಾಲಿಗೆ ಮೇಲೆ ಕೂತರೆ ಅವುಗಳ ಸೂಕ್ಷ್ಮ ಗೊತ್ತೇ ಆಗಲ್ಲ. ಗ್ಲಾಸಿಗೆ 60 ಮಿಲೀ ಮೀರಬೇಡಿ, ಮಧ್ಯೆ ನೀರು ಕುಡೀರಿ. 12–13%ದು ನಾಲ್ಕು ವರ್ಷದ್ದು ಸಾಲಾಗಿ ಅಂದ್ರೆ ಒಬ್ಬರ ಕೆಲಸ ಅಲ್ಲ, ಗೆಳೆಯರನ್ನ ಕರೀರಿ. ನಂಚಿಕೊಳ್ಳೋಕೆ ಸ್ಟಿಲ್ಟನ್ ಥರದ ನೀಲಿ ಚೀಸ್ ಸಿಕ್ಕರೆ ಅದನ್ನ ಎಲ್ಲ ಗ್ಲಾಸೂ ಒಂದು ಸುತ್ತು ಮುಗಿದ ಮೇಲೇ ಬಿಚ್ಚಿ. ಅದರ ಉಪ್ಪು ತಾಗಿದ ಮೇಲೆ ಸಪ್ಪೆ ಬಿಯರೂ ಚೆನ್ನಾಗೇ ಅನ್ನಿಸುತ್ತೆ.