ಪಾರ್ಕ್ ಜಾಗದ ಹಂಚಿಕೆ: ಸೋಮವಾರದೊಳಗೆ ಎಲ್ಲರೂ ಓದಿ

2ನೇ ಕ್ರಾಸ್, ಮೂಲೆ ಮನೆ: ಬೆಳಗ್ಗೆನೇ ಜೆಸಿಬಿ ಬಂದಿದೆ. ಕಲ್ಲುಬೆಂಚು ಕಿತ್ತು ಪಕ್ಕಕ್ಕೆ ಹಾಕಿದ್ದಾರೆ, ಹೊಂಗೆ ಮರದ ಬುಡದವರೆಗೂ ಪಾಯ ತೋಡಿದ್ದಾರೆ. ಕೇಳಿದ್ರೆ ಗೇಟಿಗೆ ಅಂಟಿಸಿರೋ ಆದೇಶ ತೋರಿಸ್ತಾರೆ. ಫೋಟೊ ಹಾಕಿದೀನಿ.

ಸಂಘದ ಕಾರ್ಯದರ್ಶಿ: ಓದಿದೆ. ಪಾರ್ಕನ್ನು ಸಮುದಾಯ ಭವನಕ್ಕೆ ಅಂತ ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟಿದ್ದಾರೆ. ನಮಗೆ ಒಂದು ನೋಟಿಸೂ ಇಲ್ಲ. ಸಂಜೆ ಧರಣಿ ಕೂರೋಣವೇ?

4ನೇ ಕ್ರಾಸ್, ಅಡಿಕೆ ಮಂಡಿಯವರು: ಧರಣಿ ಕೂತ್ರೆ ಎರಡು ದಿನ ಕೆಲಸ ನಿಲ್ಲುತ್ತೆ, ಮೂರನೇ ದಿನ ಮತ್ತೆ ಶುರು. ಸರ್ಕಾರಿ ಆದೇಶ ಅಂದ್ಮೇಲೆ ನಾವೇನ್ ಮಾಡಕಾಗುತ್ತೆ? ಭವನ ಆದ್ರೆ ನಮ್ಮ ಮದುವೆ ಮುಂಜಿಗೂ ಆಗುತ್ತಲ್ಲ.

3ನೇ ಕ್ರಾಸ್, ವಕೀಲರು: ಅಣ್ಣ, ಆದೇಶ ಅಂದ ಮಾತ್ರಕ್ಕೆ ಪ್ರಶ್ನೆ ಮಾಡಬಾರದು ಅಂತೇನಿಲ್ಲ. ಸಂವಿಧಾನದ 226ನೇ ವಿಧಿಯಲ್ಲಿ ರಿಟ್ ಅರ್ಜಿ ಹಾಕಿದರೆ ಹೈಕೋರ್ಟ್ ಅದನ್ನ ರದ್ದು ಮಾಡಬಹುದು. ಆದರೆ ಪಾರ್ಕ್ ಒಳ್ಳೇದೋ ಭವನ ಒಳ್ಳೇದೋ ಅಂತ ಕೋರ್ಟ್ ತೂಗೋದಿಲ್ಲ. ಆ ನಿರ್ಧಾರಕ್ಕೆ ಹೇಗೆ ಬಂದ್ರು, ಕಾನೂನು ಅವರಿಗೆ ಆ ಅಧಿಕಾರ ಕೊಟ್ಟಿತ್ತೇ, ತೊಂದರೆಗೆ ಒಳಗಾಗೋರ ಮಾತು ಕೇಳಿದರೇ, ಅದನ್ನ ನೋಡುತ್ತೆ. 1994ರಲ್ಲಿ ಟಾಟಾ ಸೆಲ್ಯುಲಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ಮಕ್ಕಳಿಗೆ ಆಡೋಕೆ ಜಾಗ ಇಲ್ಲ ಅಂತ ಮೂರು ಪುಟ ಬರೆದರೆ ನಮ್ಮ ಸಂಕಟ ತಿಳಿಯುತ್ತೆ, ಕೇಸು ನಿಲ್ಲೋದಿಲ್ಲ.

ಈಗ ಫೋಟೊ ದೊಡ್ಡದು ಮಾಡಿ 'ಉಲ್ಲೇಖ' ಅಂತಿರೋ ಕಡೆ ಓದಿ. 'ಮೇಲಧಿಕಾರಿಗಳ ಮೌಖಿಕ ನಿರ್ದೇಶನ'. ಅಷ್ಟೇ! ಸಭೆಯ ನಡಾವಳಿ ಇಲ್ಲ, ಯಾವ ಕಲಂ ಅಂತ ಇಲ್ಲ, ಕಾರಣ ಒಂದು ಸಾಲೂ ಇಲ್ಲ. ನಮಗೆ ಬಲ ಇರೋದು ಇಲ್ಲೇ. ಆದೇಶದಲ್ಲಿ ಬರೆಯದ ಕಾರಣಗಳನ್ನ ಆಮೇಲೆ ಕೋರ್ಟಿಗೆ ಕೊಡೋ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸೇರಿಸೋ ಹಾಗಿಲ್ಲ ಅಂತ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲೇ ತೀರ್ಮಾನ ಆಗಿದೆ.

ಮತ್ತೆ ನಮ್ಮಂಥದ್ದೇ ಒಂದು ಕೇಸು ಬೆಂಗಳೂರಲ್ಲೇ ನಡೆದಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಅಂತ ಇಟ್ಟಿದ್ದ ಜಾಗವನ್ನ ಮುಖ್ಯಮಂತ್ರಿ ಸೂಚನೆ ಮೇರೆಗೆ ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಕೊಟ್ಟಿದ್ರು. ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಏಕಸದಸ್ಯ ಪೀಠದಲ್ಲಿ ಸೋತರು, ಮೇಲ್ಮನವಿಯಲ್ಲಿ ಗೆದ್ದರು, 1991ರಲ್ಲಿ ಸುಪ್ರೀಂ ಕೋರ್ಟ್ ಆ ಗೆಲುವನ್ನ ಎತ್ತಿಹಿಡಿಯಿತು. ಆಸ್ಪತ್ರೆಯೂ ಜನರಿಗೆ ಒಳ್ಳೇದೇ ಅನ್ನೋ ವಾದ ನಡೆಯಲಿಲ್ಲ. ಮೇಲಿನವರು ಹೇಳಿದರು ಅಂತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ತನ್ನ ವಿವೇಚನೆ ಬಿಟ್ಟು ಸಹಿ ಹಾಕಿದ್ದೇ ತಪ್ಪಾಯ್ತು.

ಕಾರ್ಯದರ್ಶಿ: ಸರ್, ನಮ್ಮ ಸಂಘದ ನವೀಕರಣ ಬಾಕಿ ಇದೆ. ತೊಂದರೆ ಆಗುತ್ತಾ?

ವಕೀಲರು: ನವೀಕರಣ ಮಾಡಿಸಿ, ಆದರೆ ಅದಕ್ಕೆ ಕಾಯೋದು ಬೇಡ. ಅದೇ ತೀರ್ಪಿನ ಪ್ರಕಾರ ಬಡಾವಣೆ ನಿವಾಸಿಗಳಿಗೇ ಪ್ರಶ್ನಿಸೋ ಹಕ್ಕಿದೆ. ನಾಲ್ಕೈದು ಮನೆಯವರು ಅರ್ಜಿದಾರರಾದರೆ ಸಾಕು.

ಟೀಚರಮ್ಮ, 3ನೇ ಕ್ರಾಸ್: ಸೈಟ್ ಕೊಂಡಾಗ ಕೊಟ್ಟ ಅನುಮೋದಿತ ನಕ್ಷೆ ನನ್ನ ಹತ್ರ ಇದೆ. ಮಡಿಕೆಯಲ್ಲಿ ಹರಿದಿದೆ, ಆದರೆ 'ಉದ್ಯಾನವನ' ಅಂತ ಓದೋಕೆ ಬರುತ್ತೆ.

ವಕೀಲರು: ಮೇಡಂ, ಅದನ್ನ ಜೋಪಾನವಾಗಿಡಿ, ಇವತ್ತೇ ಜೆರಾಕ್ಸ್ ಮಾಡಿಸಿ. 1985ರಲ್ಲೇ ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನಗಳ ಸಂರಕ್ಷಣೆಗೆ ಅಂತಲೇ ಕಾಯ್ದೆ ಬಂದಿದೆ. ಮರ ಕಡಿಯೋಕೆ 1976ರ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿ ಅನುಮತಿ ಬೇಕು, ಅದನ್ನೂ ಕೇಳೋಣ. ಪೂರ್ತಿ ಕಡತಕ್ಕೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಇದೆ, ಅಲ್ಲಿವರೆಗೆ ಸುಮ್ಮನೆ ಕೂತರೆ ಛಾವಣಿ ಬಂದಿರುತ್ತೆ. ತಡ ಮಾಡಿದ್ದೂ ಕೋರ್ಟಲ್ಲಿ ನಮಗೇ ತಿರುಗುತ್ತೆ. ಸೋಮವಾರ ಆದೇಶ ಹೊರಡಿಸಿದ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಡೋಣ, ಕೆಲಸ ನಿಲ್ಲದಿದ್ದರೆ ಅದೇ ವಾರ ಬೆಂಗಳೂರಿಗೆ ಹೋಗಿ ತಡೆಯಾಜ್ಞೆ ಕೇಳೋಣ.

ಮಂಡಿಯವರು: ಭವನ ಬೇಕು ಅನ್ನೋದು ನನಗೆ ಈಗಲೂ ಇದೆ. ಆದ್ರೆ ಯಾರನ್ನೂ ಕೇಳ್ದೆ, ಬಾಯಿಮಾತಿನ ಮೇಲೆ ಜಾಗ ಕೊಟ್ಟಿದ್ದು ಅನ್ಯಾಯ. ಸಹಿ ಹಾಕ್ತೀನಿ, ಬೆಂಗಳೂರಿಗೆ ನನ್ನ ಕಾರೂ ಇದೆ.

2ನೇ ಕ್ರಾಸ್, ಮೂಲೆ ಮನೆ: ಆ ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಕೊಡಲ್ಲ, 'ಇಟ್ಟು ಹೋಗಿ' ಅಂತಾರೆ. ಆಗ?

ವಕೀಲರು: ಸೀಲು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಕೊಡದೇ ಇದ್ರೆ ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಫೋಟೊ ಇಲ್ಲೇ ಹಾಕಿ.

ಕಾರ್ಯದರ್ಶಿ: ಸೋಮವಾರ ಹತ್ತೂವರೆಗೆ ಪಾರ್ಕ್ ಗೇಟ್ ಹತ್ರ. ಸಹಿ ಹಾಕೋರು ಆಧಾರ್ ಮತ್ತು ಕಂದಾಯ ರಸೀದಿಯ ಜೆರಾಕ್ಸ್ ತನ್ನಿ.