ಫಾಂಟ್ ಟ್ಯಾಗ್ ತೆಗೆಯಲು ಹೋದರೆ ದರವೂ ಮಾಯ!

ಶಿಡ್ಲಘಟ್ಟ_ಡಿಟಿಪಿ:
ನಮಸ್ಕಾರ. ಶಿಡ್ಲಘಟ್ಟದಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಇಲ್ಲಿನ ವಾರಪತ್ರಿಕೆಯವರೊಬ್ಬರು ಹಳೇ ವೆಬ್‌ಸೈಟಿನ ಪುಟಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಟ್ಟು, "ಮೊಬೈಲಲ್ಲಿ ಕಾಣೋ ಹಾಗೆ ಮಾಡಿಕೊಡಮ್ಮ" ಅಂದಿದ್ದಾರೆ. ತೆರೆದು ನೋಡಿದರೆ ಪದಪದಕ್ಕೂ ಫಾಂಟ್ ಟ್ಯಾಗ್ (ಅಕ್ಷರ ಹೇಗೆ ಕಾಣಬೇಕೆಂದು ಹೇಳುವ ವೆಬ್ ಪುಟದ ಗುರುತು). ರೇಷ್ಮೆಗೂಡಿನ ದರದ ಒಂದೇ ಸಾಲಿನಲ್ಲಿ ಊರಿಗೊಂದು, ರೂಪಾಯಿಗೊಂದು, ಕಿಲೋಗೊಂದು!

ನೋಟ್‌ಪ್ಯಾಡ್++ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ಕಂಟ್ರೋಲ್ ಎಚ್ ಒತ್ತಿ, ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಆರಿಸಿ, <ಫಾಂಟ್.*> ಹುಡುಕಿ ಖಾಲಿ ಹಾಕಿದೆ. (ಇಲ್ಲಿ ಓದಲು ಸುಲಭ ಅಂತ ಕನ್ನಡದಲ್ಲಿ ಬರೆದೆ, ಫೈಲಿನಲ್ಲಿ ಇಂಗ್ಲಿಷೇ.) ಟ್ಯಾಗ್ ಜೊತೆ ದರವೂ ಹೋಯಿತು. ಕಾಪಿ ಮೇಲೆ ಮಾಡಿದ್ದರಿಂದ ನಷ್ಟವೇನಿಲ್ಲ. ಟ್ಯಾಗ್ ಮಾತ್ರ ಹೋಗಲು ಏನು ಕೊಡಬೇಕು?

ತಿಪಟೂರು_ಕೊಬ್ಬರಿ:
ಅಕ್ಕ, .* ಅಂದರೆ ಯಾವ ಅಕ್ಷರವಾದರೂ ಎಷ್ಟಾದರೂ, ದೊಡ್ಡ ಹೊಟ್ಟೆಬಾಕ. ಸಾಲಿನ ಕೊನೆಯ > ವರೆಗೂ ನುಂಗುತ್ತದೆ. </?ಫಾಂಟ್[^>]*> ಕೊಡಿ. [^>] ಅಂದರೆ > ಬಿಟ್ಟು ಬೇರೆ ಏನಾದರೂ ಆಗಬಹುದು, ಹಾಗಾಗಿ ಮೊದಲ > ಸಿಕ್ಕಲ್ಲೇ ನಿಲ್ಲುತ್ತದೆ. ಟ್ಯಾಗ್ ಎರಡು ಸಾಲಿಗೆ ಮುರಿದಿದ್ದರೂ ಹಿಡಿಯುತ್ತದೆ. /? ಇರುವುದು ಮುಚ್ಚುವ ಟ್ಯಾಗಿಗೆ.

ಕೋಲಾರದ_ಹಳೇಕೈ:
ತಡೀರಿ, ತಡೀರಿ. ಟ್ಯಾಗಿನಲ್ಲಿ ಫೇಸ್ (ಫಾಂಟಿನ ಹೆಸರು) ಯಾವುದು? ನುಡಿ ಎಂಬ ಕನ್ನಡ ಫಾಂಟ್ ಅಂತಿದ್ದರೆ ಈಗಲೇ ತೆಗೆಯಬೇಡಿ. ಆ ಕಾಲದ ಪುಟ ಯೂನಿಕೋಡ್ (ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ. ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. "ನ" ಬರಬೇಕಾದ ಕಡೆ £À ಇರುತ್ತದೆ, ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತದೆ. ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ತಿಳಿಸುವುದು ಆ ಟ್ಯಾಗ್ ಮಾತ್ರ. ಅದನ್ನು ಕಿತ್ತುಹಾಕಿ, ನುಡಿಯನ್ನು ಯೂನಿಕೋಡ್ ಮಾಡುವ ಕನ್ವರ್ಟರ್ ಓಡಿಸಿದರೆ ಇಮೇಲ್ ವಿಳಾಸವೂ ಅರ್ಥವಿಲ್ಲದ ಕನ್ನಡವಾಗುತ್ತದೆ.

ಹೀಗೆ ಮಾಡಿ. ಹುಡುಕಲು:
<ಫಾಂಟ್[^>]*ನುಡಿ[^>]*>([^<]*)</ಫಾಂಟ್>
ಬದಲಿಗೆ:
<ಸ್ಪ್ಯಾನ್ ಕ್ಲಾಸ್="ಹಳೆ">$1</ಸ್ಪ್ಯಾನ್>

ಕಂಸದೊಳಗೆ ಸಿಕ್ಕಿದ್ದು $1 ಜಾಗದಲ್ಲಿ ಹಾಗೇ ಬರುತ್ತದೆ. ಸ್ಪ್ಯಾನ್ ಅಂದರೆ ಪಠ್ಯದ ತುಂಡನ್ನು ಗುರುತಿಸುವ ಟ್ಯಾಗ್. ಆಮೇಲೆ ಅದರ ಒಳಗಿನ ಪಠ್ಯವನ್ನಷ್ಟೇ ಕನ್ವರ್ಟ್ ಮಾಡಿ, ಯುಟಿಎಫ್-8ನಲ್ಲಿ (ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ರೂಪ) ಉಳಿಸಿ. ಮೇಲಿನ ಕ್ಯಾರ್‌ಸೆಟ್ ಸಾಲನ್ನೂ (ಫೈಲ್ ಯಾವ ರೂಪದಲ್ಲಿದೆ ಎಂದು ಹೇಳುವುದು) ಬದಲಿಸಿ. ಒಳಗೆ ಬೋಲ್ಡ್ ಗೀಲ್ಡ್ ಇದ್ದರೆ ಈ ಪ್ಯಾಟರ್ನ್ ಅದನ್ನು ಮುಟ್ಟುವುದಿಲ್ಲ. ಒಂದರೊಳಗೊಂದು ಕೂತ ಟ್ಯಾಗ್ ಬಿಡಿಸುವುದು ರೆಗೆಕ್ಸ್ (ರೆಗ್ಯುಲರ್ ಎಕ್ಸ್‌ಪ್ರೆಶನ್) ಕೆಲಸವೇ ಅಲ್ಲ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಬ್ಯೂಟಿಫುಲ್ ಸೂಪ್ ಎಂಬ ಟ್ಯಾಗ್ ಬಿಡಿಸುವ ಸಾಧನ ಹಿಡಿಯಿರಿ.

ಶಿಡ್ಲಘಟ್ಟ_ಡಿಟಿಪಿ:
ಹೌದು ಸಾರ್, ನುಡಿಯೇ. ದರದ ಪಟ್ಟಿ ಚೆನ್ನಾಗಿ ಬಂತು. ಆದರೆ ನಾನು ಬಳಸಿದ ಕನ್ವರ್ಟರ್ ಅರ್ಕಾವತ್ತನ್ನು ಬಿಟ್ಟಿದೆ. "ಮಾರ್ಕೆಟ್" ಇದ್ದಲ್ಲಿ "ಮಾಕೆ" ಆದಮೇಲೆ ಏನೋ ಒಂದು ಗುರುತು, ಆಮೇಲೆ "ಟ್".

ಕೋಲಾರದ_ಹಳೇಕೈ:
ನುಡಿಯಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ "ರ್" ಮೊದಲು. ಆ ಗುರುತನ್ನು ~ ಮಾಡಿಕೊಳ್ಳಿ. (# ಬೇಡ, ಬಣ್ಣದ ಕೋಡಿನಲ್ಲಿ ಇರುತ್ತಲ್ವಾ.) ಆಮೇಲೆ ([ಕ-ಹ][^ಕ-ಹ]?)~ ಹುಡುಕಿ ರ್$1 ಹಾಕಿ. ([ಕ-ಹ] ಅಂದರೆ ಯಾವುದಾದರೂ ಒಂದು ವ್ಯಂಜನ.) ಒತ್ತಕ್ಷರ ಬಂದ ಕಡೆ ಇದು ತಪ್ಪುತ್ತದೆ. ರಿಪ್ಲೇಸ್ ಆಲ್ ಒತ್ತದೆ ಒಂದೊಂದೇ ನೋಡಿಕೊಂಡು ಹೋಗಿ.