ಬಡಾವಣೆಯ ಇತಿಹಾಸ, ಬಡಾವಣೆಯ ಹಕ್ಕಿಗಳು: ಒಂದೇ ನಡಿಗೆಯಲ್ಲಿ ಎರಡನ್ನೂ ದಾಖಲಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಹಳೆಯ ಸಂಗತಿಗಳನ್ನು ಬರೆದಿಡಬೇಕು, ಇಲ್ಲಿನ ಹಕ್ಕಿಗಳ ಪಟ್ಟಿಯನ್ನೂ ಮಾಡಬೇಕು ಎಂದು ಕೆಲವರು ಸೇರಿದ್ದೇವೆ. ಬೈನಾಕ್ಯುಲರ್ ಇನ್ನೂ ಕೊಂಡಿಲ್ಲ. ಎಲ್ಲಿಂದ ಶುರು ಮಾಡೋಣ? ಬಲ್ಲವರು ತಿಳಿಸಿ.

ಉತ್ತರ: ನಕ್ಷೆಯಿಂದ ಶುರು ಮಾಡಿ. ಎಲ್ಲಿ ನಿಂತು ಹಕ್ಕಿ ನೋಡಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತದೆ. ಹಳೆಯ ನಕ್ಷೆ ಸಿಕ್ಕ ಕೂಡಲೇ ಅಂಚಿನ ಬರಹ ಓದಿ. ಸರ್ವೆ ನಡೆದ ವರ್ಷ, ಅಚ್ಚಾದ ವರ್ಷ ಎರಡೂ ಬೇರೆ ಇರಬಹುದು, ಲೆಕ್ಕಕ್ಕೆ ಬರುವುದು ಸರ್ವೆ ವರ್ಷ. ಅಂಚು ಕತ್ತರಿಸಿ ಸ್ಕ್ಯಾನ್ ಮಾಡಿದ ಪ್ರತಿಯಾದರೆ ಪೂರ್ತಿ ಪ್ರತಿ ಹುಡುಕಿ.

ಆಮೇಲೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಜಿಯೊರೆಫರೆನ್ಸರ್ ಸಾಧನದಲ್ಲಿ ಅದನ್ನು ಇಂದಿನ ನಕ್ಷೆಯ ಮೇಲೆ ಕೂರಿಸಿ. ಎರಡೂ ನಕ್ಷೆಯಲ್ಲಿ ಒಂದೇ ಜಾಗವೆಂದು ತೋರಿಸುವ ಗುರುತು ಬಿಂದುಗಳಿಗೆ ಕದಲದ ವಸ್ತುಗಳನ್ನೇ ಆರಿಸಿ: ಹಳೆಯ ಕಟ್ಟಡದ ಮೂಲೆ, ರೈಲು ಸೇತುವೆಯ ತುದಿ. ರಸ್ತೆ ತಿರುವು, ಹಳ್ಳದ ದಂಡೆ ಬೇಡ, ಅವು ಸರಿದಿರುತ್ತವೆ. ಮೊದಲ ದರ್ಜೆಯ ಪಾಲಿನಾಮಿಯಲ್‌ಗೆ (ನಕ್ಷೆಯನ್ನು ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂರಿಸುವ ಸರಳ ಲೆಕ್ಕ) 3 ಬಿಂದು ಸಾಕು ಎಂದು ಅಲ್ಲಿಗೇ ನಿಲ್ಲಿಸಬೇಡಿ. ಮೂರೇ ಬಿಂದು ಕೊಟ್ಟರೆ ದೋಷ (ಬಿಂದು ತನ್ನ ಜಾಗದಿಂದ ಎಷ್ಟು ತಪ್ಪಿದೆ ಎಂಬ ಅಳತೆ) ಯಾವಾಗಲೂ ಸೊನ್ನೆ ತೋರಿಸುತ್ತದೆ, ತಪ್ಪು ಬಿಂದು ಕಣ್ಣಿಗೇ ಬೀಳುವುದಿಲ್ಲ. 8-10 ಬಿಂದುಗಳನ್ನು ನಾಲ್ಕೂ ಮೂಲೆಗೆ ಹರಡಿ ಕೊಡಿ. ಯಾವುದರ ದೋಷ ಎದ್ದು ಕಾಣುತ್ತದೋ ಅದನ್ನು ಮತ್ತೆ ಪರೀಕ್ಷಿಸಿ.

ಕೂರಿಸಿದ ಮೇಲೆ ಕೆರೆ, ಬಾವಿ, ತೋಪು, ಸಾಲುಮರ ಇದ್ದ ಜಾಗಗಳನ್ನು ಗುರುತಿಸಿ. ಅವೇ ನಿಮ್ಮ ನಿಲುಗಡೆಗಳು. ಒಂದು ಸುತ್ತಿಗೆ ಐದಾರು ಸಾಕು.

ಉತ್ತರ: ಬೈನಾಕ್ಯುಲರ್ 8×42 ಕೊಳ್ಳಿ (8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು). 10× ಆಸೆಗೆ ಬೀಳಬೇಡಿ, ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದು. ಕೊಂಡ ದಿನವೇ ಡಯಾಪ್ಟರ್ (ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸಿಕೊಳ್ಳಿ: ಬಲಗಣ್ಣು ಮುಚ್ಚಿ, ದೂರದ ಫಲಕದ ಅಕ್ಷರ ಸ್ಪಷ್ಟವಾಗುವ ತನಕ ನಡುವಿನ ಚಕ್ರ ತಿರುಗಿಸಿ. ಬಳಿಕ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಡಯಾಪ್ಟರ್ ಉಂಗುರ ಮಾತ್ರ ತಿರುಗಿಸಿ (ಹೆಚ್ಚಿನವುಗಳಲ್ಲಿ ಅದು ಬಲ ಐಪೀಸ್‌ನಲ್ಲಿ, ಅಂದರೆ ಬಲಗಣ್ಣಿಡುವ ಭಾಗದಲ್ಲಿ ಇರುತ್ತದೆ). ಕನ್ನಡಕ ಹಾಕುವವರು ಐಕಪ್ (ಕಣ್ಣಿಗೆ ತಾಗುವ ಬಳೆ) ಒಳಕ್ಕೆ ತಿರುಗಿಸಿಕೊಳ್ಳಬೇಕು. ಇನ್ನೊಂದು ಮಾತು, ಮನೆಗಳ ಕಿಟಕಿಯ ಕಡೆಗೆ ಅದನ್ನು ಎತ್ತಲೇಬೇಡಿ.

ಉತ್ತರ: ಮೇಲಿನವರು ನೆಲದ ಬಗ್ಗೆ ಹೇಳಿದರು, ಗೋಡೆಗಳನ್ನೂ ಬಿಡಬೇಡಿ. ಪಾರಿವಾಳದ ಪೂರ್ವಜರು ಬಂಡೆಗೋಡೆಗಳಲ್ಲಿ ಗೂಡು ಕಟ್ಟಿದವು. ಕಾರ್ನಿಸ್, ಕಮಾನು ಇರುವ ಹಳೆಯ ಕಟ್ಟಡ ಅವಕ್ಕೆ ಒಗ್ಗುವುದು ಅದಕ್ಕೇ. ಕಮಾನಿನಡಿ, ಗೋಡೆಬಿರುಕಿನಲ್ಲಿ ಬಾನಾಡಿಗಳು (ಇಂಗ್ಲಿಷಿನಲ್ಲಿ ಸ್ವಿಫ್ಟ್) ಇರಬಹುದು. ಅವನ್ನು ಕವಲುತೋಕೆಗಳೆಂದು (ಸ್ವಾಲೋ) ಬರೆದುಕೊಳ್ಳುವವರು ಬಹಳ. ತಂತಿಯ ಮೇಲೆ ಕೂತಿದ್ದರೆ ಅದು ಬಾನಾಡಿಯಲ್ಲ. ಬಾನಾಡಿಯ ಕಾಲು ಗೋಡೆಗೆ ಅಂಟಿಕೊಳ್ಳುವುದಕ್ಕೇ ಹೊರತು ತಂತಿ ಹಿಡಿದು ಕೂರುವುದಕ್ಕಲ್ಲ. ಕಟ್ಟಡ ದುರಸ್ತಿಯಲ್ಲಿ ಬಿರುಕು ಮುಚ್ಚಿದರೆ ಗೂಡಿನ ಜಾಗವೇ ಹೋಗುತ್ತದೆ. ಹಾಗಾಗಿ ದುರಸ್ತಿಯ ವರ್ಷವೂ ನಿಮ್ಮ ದಾಖಲೆಗೆ ಸೇರಲಿ.

ಮರಗಳಲ್ಲಿ ಒಣಕೊಂಬೆ ನೋಡಿ. ಕುಟ್ರುಹಕ್ಕಿ, ಮರಕುಟಿಗ ಕೊರೆದ ಪೊಟರೆಗೆ ಆಮೇಲೆ ಗಿಳಿಯೋ ಮೈನಾವೋ ಬಂದು ಸೇರಿಕೊಳ್ಳಬಹುದು. ಕೊಂಬೆ ಕಡಿದರೆ ಎಲ್ಲರ ಮನೆಯೂ ಹೋಯಿತು. ಗುಬ್ಬಚ್ಚಿ ಇಲ್ಲವೆಂದರೆ ಗೂಡಿನ ಸಂದಿ ಮಾತ್ರ ಹುಡುಕಿದರೆ ಸಾಲದು. ಮರಿಗಳಿಗೆ ಮೊದಲ ದಿನಗಳಲ್ಲಿ ಹುಳು ಬೇಕು. ಹತ್ತಿರ ಬೇಲಿ, ಪೊದೆ, ಖಾಲಿ ನಿವೇಶನ ಯಾವಾಗ ಇಲ್ಲವಾದವು ಎಂದು ವಿಚಾರಿಸಿ.

ಉತ್ತರ: ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಬೇಡಿ. "ನೀರಿನ ಟ್ಯಾಂಕ್ ಕಟ್ಟುವ ಮುಂಚೆಯೋ ಆಮೇಲೋ?" ಎಂದು ಕೇಳಿ, ಟ್ಯಾಂಕಿನ ಇಸವಿಯನ್ನು ದಾಖಲೆಯಲ್ಲಿ ಹುಡುಕಿ. ಹಕ್ಕಿಯ ಹೆಸರಿಗೂ ಇದೇ ಎಚ್ಚರ ಬೇಕು. "ಹದ್ದು" ಅಂದಾಗ ಯಾವ ಹದ್ದು ಎಂದು ತಿಳಿಯದು. ಬಾಲದ ತುದಿ ಕವಲಾಗಿತ್ತೇ, ತಲೆ ಬೆಳ್ಳಗಿತ್ತೇ ಎಂದು ಕೇಳಿ, ಕೂಗು ಅನುಕರಿಸಿ ತೋರಿಸಲು ಹೇಳಿ. ಅವರು ಹೇಳಿದ ಹೆಸರನ್ನು ಹಾಗೇ ಬರೆದು, ನಿಮ್ಮ ಊಹೆಯನ್ನು ಬೇರೆ ಕಾಲಂನಲ್ಲಿ ಹಾಕಿ.

ಉತ್ತರ: ಪಟ್ಟಿ ಮಾಡುವವರು ಎಡವುವ ಜಾಗ ಒಂದಿದೆ: ಇಡೀ ನಡಿಗೆಗೆ ಒಂದೇ ಪಟ್ಟಿ. ಹಾಗೆ ಮಾಡಿದರೆ ಯಾವ ಹಕ್ಕಿ ಹಳೆಯ ಕೆರೆಯಂಗಳದ್ದು, ಯಾವುದು ಸಾಲುಮರದ್ದು ಎಂದು ಬಿಡಿಸಲಾಗದು. ಪ್ರತಿ ನಿಲುಗಡೆಯಲ್ಲಿ 10 ನಿಮಿಷ ನಿಂತು, ಇ-ಬರ್ಡ್‌ನಲ್ಲಿ (ಹಕ್ಕಿಗಳ ಪಟ್ಟಿ ದಾಖಲಿಸುವ ಆನ್‌ಲೈನ್ ತಾಣ) ಸ್ಟೇಷನರಿ, ಅಂದರೆ ಒಂದೇ ಕಡೆ ನಿಂತು ಮಾಡಿದ ಪಟ್ಟಿಯಾಗಿ ಬೇರೆ ಬೇರೆ ಹಾಕಿ. ಎಣಿಕೆ ಬರೆಯಿರಿ, ಅಂದಾಜಾದರೂ ಸರಿ. ಎಣಿಕೆಯ ಬದಲು ಎಕ್ಸ್ ಎಂದು ಹಾಕಿದರೆ ಹಕ್ಕಿ ಇತ್ತು ಎಂದಷ್ಟೇ ಗೊತ್ತಾಗುತ್ತದೆ. ಕಾಗೆ, ಪಾರಿವಾಳ ಬಿಟ್ಟಿದ್ದರೆ "ಸಂಪೂರ್ಣ ಪಟ್ಟಿ" (ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆದದ್ದು) ಎಂದು ಒಪ್ಪಬೇಡಿ. ಸೂರ್ಯೋದಯದ ನಂತರದ ಎರಡು ಗಂಟೆ ಒಳ್ಳೆಯ ಹೊತ್ತು. ಪ್ರತಿ ಸಲವೂ ಅದೇ ಹೊತ್ತು, ಅದೇ ಕ್ರಮ ಇರಲಿ.

ಹಳೆಯ ಪಟ್ಟಿ ಸಿಕ್ಕರೆ ತಕ್ಷಣ ಹೋಲಿಕೆಗೆ ಇಳಿಯಬೇಡಿ. ಅದರಲ್ಲಿಲ್ಲದ ಹಕ್ಕಿ ಆಗ ಇರಲಿಲ್ಲ ಎಂದಲ್ಲ; ಸಾಮಾನ್ಯ ಹಕ್ಕಿಯನ್ನು ಬರೆಯದೆಯೇ ಬಿಟ್ಟಿರಬಹುದು. ವೈಜ್ಞಾನಿಕ ಹೆಸರೂ ಬದಲಾಗಿರುತ್ತದೆ: ಚುಕ್ಕೆ ಬೆಳವ ಹಿಂದೆ ಸ್ಟ್ರೆಪ್ಟೊಪೀಲಿಯ, ಈಗ ಸ್ಪೈಲೊಪೀಲಿಯ. ಎರಡೂ ಹೆಸರಲ್ಲಿ ಹುಡುಕಿ. ಗೂಬೆಯಂಥ ಹಕ್ಕಿಗಳ ಗೂಡು ಸಿಕ್ಕರೆ ನಿಖರ ಸ್ಥಳ ನಿಮ್ಮ ಕಡತದಲ್ಲೇ ಇರಲಿ, ಹಂಚುವ ನಕ್ಷೆಯಲ್ಲಿ ಬಡಾವಣೆಯ ಹೆಸರು ಸಾಕು.